ಲುಥೆರನ್ ಇಗರ್ಜಿಯಲ್ಲಿ ಕಥೋಲಿಕ ಪೂಜೆ

ಪ್ರಶ್ನೆ: ಸ್ವೀಡನ್ನಿನ ಸಣ್ಣ ಊರೊಂದರಲ್ಲಿ ಓದುತ್ತಿರುವ ನನ್ನ ಮಗಳು ಪೂಜೆಗೆ ಹೋಗುವುದು ಲುಥೆರನ್ (ಮಾರ್ಟಿನ್ ಲುಥೆರರನ್ನು ಅನುಸರಿಸುವ ಪ್ರೊಟೆಸ್ಟೆಂಟರ) ಇಗರ್ಜಿಗೆ. ಕಥೋಲಿಕ ಗುರುಗಳೇ ಅಲ್ಲಿಗೆ ಬಂದು ಬಲಿಪೂಜೆ ಅರ್ಪಿಸುತ್ತಾರಂತೆ. ಕ್ರೈಸ್ತರ ನಾಡಿನಲ್ಲೂ ಕಥೋಲಿಕರಿಗೆ ಸ್ವಂತ ಇಗರ್ಜಿ ಇಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆತಂಕ ಬೇಡ. ಕಟ್ಟಡ ಲುಥೆರನ್ನರದಾದರೂ ಪೂಜೆ ಕಥೋಲಿಕರದ್ದೇ. ಇಡೀ ಸ್ವೀಡನ್ನಿಗೆ ಇರುವುದು ಸ್ಟಾಕ್‌ಹೋಮ್ ಎಂಬ ಒಂದೇ ಧರ್ಮಪ್ರಾಂತ್ಯ (ಬಿಷಪರ ಆಡಳಿತ ಪ್ರದೇಶ); ಹತ್ತಿರದ ಧರ್ಮಕೇಂದ್ರ (ಪ್ಯಾರಿಷ್) ಬಹುದೂರವಿರುವ ಊರುಗಳಲ್ಲಿ ಲುಥೆರನ್ನರು ತಮ್ಮ ಇಗರ್ಜಿಯನ್ನು ಪೂಜೆಗೆ ಬಿಟ್ಟುಕೊಡುವುದು ವಾಡಿಕೆ.

ಆ ಹಳೆಯ ಇಗರ್ಜಿಗಳಲ್ಲಿ ಅನೇಕವು ಕಥೋಲಿಕ ಕಾಲದಲ್ಲೇ ಕಟ್ಟಿದವು. ವಾಡ್ಸ್ತೇನಾ ಎಂಬ ಊರಿನಲ್ಲಿ ನೀಲಿ ಛಾಯೆಯ ಸುಣ್ಣಕಲ್ಲಿನ ಮಠದ ಇಗರ್ಜಿಯಿದೆ. 1391ರಲ್ಲಿ ಸಂತಪದವಿಗೇರಿದ, ಆ ಮಠದ ಸಂಸ್ಥಾಪಕಿ ಬ್ರಿಜಿತಾರ ಅವಶೇಷಗಳ ಪೆಟ್ಟಿಗೆ ಇಂದಿಗೂ ಅಲ್ಲಿದೆ, ಆದರೆ ಇಗರ್ಜಿ ಲುಥೆರನ್ನರದು. 1527ರಲ್ಲಿ ದೊರೆ ಗುಸ್ತಾವ್ ವಾಸಾ ಧರ್ಮಸಭೆಯ ಆಸ್ತಿಯನ್ನು ವಶಪಡಿಸಿಕೊಳ್ಳತೊಡಗಿದನು; 1593ರ ಉಪ್ಸಾಲಾ ಸಭೆ ದೇಶವನ್ನು ಲುಥೆರನ್ ಎಂದು ನಿಶ್ಚಯಿಸಿತು; 1595ರಲ್ಲಿ ಆ ಮಠವೂ ಮುಚ್ಚಿತು.

ಆಮೇಲೆ ಕಥೋಲಿಕರಾಗುವುದೇ ಅಪರಾಧವಾಯಿತು. 1781ರಲ್ಲಿ ವಿದೇಶಿ ಕಥೋಲಿಕರಿಗೆ ಪೂಜೆಯ ಅನುಮತಿ ದೊರೆತರೂ ಸ್ವೀಡನ್ನಿನವರಿಗೆ ಅದು ಅನ್ವಯಿಸಲಿಲ್ಲ. 1858ರಲ್ಲಿ, ಕಥೋಲಿಕರಾದರೆಂಬ ಒಂದೇ ಕಾರಣಕ್ಕೆ ಆರು ಮಂದಿ ಹೆಂಗಸರನ್ನು ನ್ಯಾಯಾಲಯ ಗಡೀಪಾರು ಮಾಡಿತು. ತಮ್ಮದೇ ನೆಲದಲ್ಲಿ ಹುಟ್ಟಿ ಬೆಳೆದವರನ್ನು ಪ್ರಾರ್ಥನೆಯ ಕಾರಣಕ್ಕೆ ಹೊರಗಟ್ಟಿದ ಈ ತೀರ್ಪನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯುರೋಪಿನೆಲ್ಲೆಡೆ ಖಂಡನೆ ಎದ್ದ ಮೇಲೆ, 1860ರಲ್ಲಿ ಆ ಶಿಕ್ಷೆ ರದ್ದಾಯಿತು. ಪೂರ್ಣ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಬಂದದ್ದು 1951ರಲ್ಲಿ. ಅಲ್ಲಿಯವರೆಗೆ ಕಥೋಲಿಕರೊಬ್ಬರು ಮಂತ್ರಿಯಾಗುವಂತೆಯೂ ಇರಲಿಲ್ಲ.

ಇಂದು ಒಂದು ಕೋಟಿಗೆ ತುಸು ಮೀರಿದ ಜನಸಂಖ್ಯೆಯಲ್ಲಿ ನೋಂದಾಯಿತ ಕಥೋಲಿಕರು ಲಕ್ಷಕ್ಕಿಂತ ಹೆಚ್ಚಿದ್ದಾರೆ. ಅವರಲ್ಲಿ ಬಹುಪಾಲು ಪೋಲೆಂಡ್, ಕ್ರೊಯೇಷ್ಯಾ, ಇರಾಕ್, ಲ್ಯಾಟಿನ್ ಅಮೆರಿಕದಿಂದ ಬಂದ ಕುಟುಂಬಗಳವರು. 1998ರಲ್ಲಿ ಧರ್ಮಾಧ್ಯಕ್ಷರಾದ ಆಂಡರ್ಸ್ ಅರ್ಬೊರೇಲಿಯುಸ್, ಲುಥೆರನ್ ಸುಧಾರಣೆಯ ನಂತರ ಆ ಸ್ಥಾನಕ್ಕೇರಿದ ಮೊದಲ ಸ್ವೀಡಿಷ್ ಮೂಲದವರು. 2017ರಲ್ಲಿ ಕಾರ್ಡಿನಲ್ ಆದರು. ಅದರ ಹಿಂದಿನ ವರ್ಷ ಪೋಪ್ ಫ್ರಾನ್ಸಿಸ್ ಲುಂಡ್‌ನ ಪ್ರಧಾನಾಲಯದಲ್ಲಿ ಲುಥೆರನ್ ನಾಯಕರೊಂದಿಗೆ ಪ್ರಾರ್ಥಿಸಿದ್ದರು.

ಮಗಳಿಗೆ ಎರಡು ಮಾತು ತಿಳಿಸಿ. ಲುಥೆರನ್ನರ ಆರಾಧನೆಗೂ ಆಕೆ ಗೌರವದಿಂದ ಹೋಗಿ ಕುಳಿತುಕೊಳ್ಳಬಹುದು, ಆದರೆ ಅಲ್ಲಿನ ಪ್ರಸಾದ ಸ್ವೀಕರಿಸಲು ಕಥೋಲಿಕ ನಿಯಮ ಒಪ್ಪುವುದಿಲ್ಲ. ಇನ್ನು, ಮಂಗಳೂರಿನಲ್ಲಿ ದೀಕ್ಷಾಸ್ನಾನವಾದ ಮಾತ್ರಕ್ಕೆ ಅಲ್ಲಿನ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಧರ್ಮಕೇಂದ್ರದಲ್ಲಿ ತಾನೇ ನೋಂದಾಯಿಸಿಕೊಳ್ಳಬೇಕು. ಪೂಜೆಗೆ ಬರುವ ಗುರುಗಳನ್ನು ಕೇಳಿದರೆ ಅದಕ್ಕೆ ಬೇಕಾದ ಅರ್ಜಿ ಸಿಗುತ್ತದೆ.