ಹೂಡಿ ಅಂಗಿ ಆಮೇಲೆ, ಮೊದಲು ನಿನ್ನ ಹಣ

ಈ ವಾರದ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೇ ಉತ್ತರಿಸುತ್ತಿದ್ದೇನೆ. ಓದಿದಾಗಿನಿಂದ ಸಿಟ್ಟು ಇಳಿದಿಲ್ಲ.

ಬರೆದವಳು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹತ್ತನೇ ತರಗತಿಯ ಹುಡುಗಿ. ಸೋದರತ್ತೆಯ ಮಗಳು ಕಲಬುರಗಿಯ ಖಾಸಗಿ ಶಾಲೆಯವಳು, ಕ್ರಿಸ್‌ಮಸ್ ರಜೆಗೆ ಊರಿಗೆ ಬರುತ್ತಾಳೆ. ಇವಳ ಸರ್ಕಾರಿ ಶಾಲೆಯ ರಜೆ ದಸರೆಗೇ ಮುಗಿದಿದೆ. ಡಿಸೆಂಬರ್ ಎಂದರೆ ಎಸ್ಸೆಸ್ಸೆಲ್ಸಿ ವಿಶೇಷ ತರಗತಿ. ಹೋದ ವರ್ಷ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಎಲ್ಲರೂ ಫೋಟೊಗೆ ನಿಂತಾಗ, ಬ್ಯಾಗಿ ಜೀನ್ಸ್ ಮತ್ತು ಓವರ್‌ಸೈಜ್ ಹೂಡಿ, ಅಂದರೆ ಟೋಪಿ ಇರುವ ದೊಗಳೆ ಮೇಲಂಗಿ, ತೊಟ್ಟಿದ್ದ ಆ ಹುಡುಗಿ ಇವಳ ಚೂಡಿದಾರ ನೋಡಿ, ‘ನೀನು ಅಂಚಿನಲ್ಲಿ ನಿಲ್ಲು, ಆಮೇಲೆ ಕ್ರಾಪ್ ಮಾಡಬಹುದು’ ಎಂದಳಂತೆ. ಈ ಸಲ ಇವಳಿಗೂ ಹೂಡಿ ಬೇಕು. ಅಪ್ಪ ‘ಊರವರು ಏನನ್ನುತ್ತಾರೆ’ ಎಂದು ತಡೆದಿದ್ದಾರೆ. ಗೆಳತಿಯ ಮನೆಯ ವಿಳಾಸಕ್ಕೆ ಗುಟ್ಟಾಗಿ ತರಿಸಿಕೊಳ್ಳಲೇ ಎಂಬುದು ಪ್ರಶ್ನೆ.

ಆದರೆ ಪತ್ರದ ನಡುವೆ ಹೀಗೊಂದು ಸಾಲು ನುಸುಳಿದೆ: ‘ಭಾನುವಾರ ಹತ್ತಿ ಬಿಡಿಸಿ ಕೂಡಿಸಿದ 1,800 ರೂಪಾಯಿ ಅಣ್ಣನ ಹತ್ತಿರ ಇದೆ, ಅವನು ಶೂ ತೆಗೆದುಕೊಂಡ, ಸಂಕ್ರಾಂತಿಗೆ ಕೊಡುತ್ತಾನೆ.’

ಮಗಳೇ, ಆ ಹಣ ಅಣ್ಣನ ಹತ್ತಿರ ಇಲ್ಲ. ಅವನ ಕಾಲಿನಲ್ಲಿದೆ.

ಹತ್ತಿ ಬಿಡಿಸುವುದೆಂದರೆ ಏನೆಂದು ನನಗೆ ಗೊತ್ತು. ಒಣಗಿದ ಕಾಯಿಯ ಮೊನೆ ಉಗುರಿನ ಸಂದಿಗೇ ಚುಚ್ಚುತ್ತದೆ. ಹಗಲೆಲ್ಲ ಬಗ್ಗಿ ಬಿಡಿಸಿದ್ದು ಸಂಜೆ ತಕ್ಕಡಿಗೆ ಬಂದರೆ ಹತ್ತಿಗೆ ತೂಕವೇ ಇರುವುದಿಲ್ಲ, ಕೂಲಿಯೋ ಕೆ.ಜಿ. ಲೆಕ್ಕ. ಹಾಗೆ ಕೂಡಿಸಿದ ಹಣದಲ್ಲಿ ಶೂ ಕೊಂಡವನಿಗೆ ಯಾರೂ ಒಂದು ಮಾತು ಕೇಳಿಲ್ಲ. ಅವ್ವ ‘ಹೋಗಲಿ ಬಿಡು, ಅಣ್ಣನಲ್ಲವೇ’ ಎಂದಿದ್ದಾರೆ. ಇಂಥ ಅಣ್ಣಂದಿರು ತಾವಾಗಿಯೇ ಹುಟ್ಟುವುದಿಲ್ಲ. ಒಲೆಯಿಂದ ಇಳಿದ ಮೊದಲ ಬಿಸಿ ರೊಟ್ಟಿ ಯಾರ ತಟ್ಟೆಗೆ ಬೀಳುತ್ತದೆ ಎಂಬಲ್ಲೇ ತಯಾರಾಗುತ್ತಾರೆ. ನೀನು ಎರಡು ಪುಟದ ತುಂಬ ಬೈದಿರುವುದು ಮಾತ್ರ ಅತ್ತೆಯ ಮಗಳನ್ನು. ಅವಳ ನಾಲಿಗೆ ಕೆಟ್ಟದ್ದೇ, ಆದರೆ ಅವಳು ನಿನ್ನ ಗಂಟಿಗೆ ಕೈ ಹಾಕಿಲ್ಲ.

ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ನಗು ಬರುತ್ತದೆ. ಹತ್ತಿ ಬಿಡಿಸಲು ಹೋಗುವಾಗ ಅವ್ವ ಸೀರೆಯ ಮೇಲೆ ತೊಡುವುದು ಏನನ್ನು? ಅಪ್ಪನದೇ ಹಳೆಯ ತುಂಬುತೋಳಿನ ಅಂಗಿ. ಭುಜ ಮೊಳಕೈವರೆಗೆ ಇಳಿಬಿದ್ದಿರುತ್ತದೆ, ತೋಳು ಬೆರಳನ್ನೂ ಮುಚ್ಚುತ್ತದೆ. ಕಲಬುರಗಿಯ ಅಂಗಡಿಯವರು ಅಂಥದ್ದಕ್ಕೇ ಓವರ್‌ಸೈಜ್ ಎಂದು ಹೆಸರಿಟ್ಟು ದುಬಾರಿಗೆ ಮಾರುತ್ತಾರೆ. ಹೆಂಗಸರು ಗಂಡಸರ ಅಂಗಿ ತೊಟ್ಟು ಸಾಲುಗಟ್ಟಿ ಹೊಲಕ್ಕೆ ಹೋಗುವಾಗ ಏನೂ ಅನ್ನದ ಊರು, ಮುಂಜಾನೆಯ ಚಳಿಯಲ್ಲಿ ಶಾಲೆಗೆ ಹೋಗುವ ಹುಡುಗಿ ಮೈತುಂಬ ಹೂಡಿ ತೊಟ್ಟರೆ ಏನನ್ನುತ್ತದೆ? ಇದನ್ನು ಅಪ್ಪನಿಗೆ ನೇರವಾಗಿ ಕೇಳು. ಗೆಳತಿಯ ವಿಳಾಸ ಬೇಡ. ಕದ್ದು ತರಿಸಿದ ಬಟ್ಟೆಯನ್ನು ಕದ್ದೇ ಒಗೆದು ಒಣಗಿಸಬೇಕಾಗುತ್ತದೆ.

ಇನ್ನು ನನ್ನ ಹಳೆಯ ಪಲ್ಲವಿ. ಹೆಣ್ಣುಮಕ್ಕಳ ದುಡಿಮೆ ಅವರ ಹೆಸರಿನಲ್ಲೇ ಇರಬೇಕು ಎಂದು ಈ ಅಂಕಣದಲ್ಲಿ ಬರೆದು ಬರೆದು ಓದುಗರಿಗೆ ಬೇಸರ ಬಂದಿರಬಹುದು, ನನಗೆ ಬಂದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಶುರುವಿಗೆ 500 ರೂಪಾಯಿ ಸಾಕು. ಉಳಿದದ್ದರಲ್ಲಿ ಹೂಡಿ ತೆಗೆದುಕೊ, ನನ್ನ ಅಡ್ಡಿಯಿಲ್ಲ. ಮಾರ್ಚ್‌ನ ಪರೀಕ್ಷೆ ಮುಗಿಯುವವರೆಗೆ ಮಾತ್ರ ಹೊಲದ ಕಡೆ ತಲೆ ಹಾಕಬೇಡ.

ಇವೆಲ್ಲ ಆಮೇಲಿನ ಮಾತು. ಈಗ ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಅಪ್ಪನ ಎದುರಿಗೇ, ಅಳದೆ, ಕೂಗಾಡದೆ ಕೇಳು: ‘ಅಣ್ಣಾ, ನನ್ನ 1,800 ರೂಪಾಯಿ ಯಾವ ದಿನ ಕೊಡುತ್ತೀಯಾ?’ ಅವ್ವ ‘ಹೋಗಲಿ ಬಿಡು’ ಎಂದರೂ ಎದ್ದು ಹೋಗಬೇಡ. ಅವನು ಸಂಕ್ರಾಂತಿ ಎಂದರೆ ಒಪ್ಪಬೇಡ. ಎಳ್ಳಮಾವಾಸ್ಯೆಯ ಒಳಗೆ, ಪೂರ್ತಿ ಹಣ, ನಿನ್ನ ಕೈಗೆ.