ಸರಪಳಿ ನೆಲಕ್ಕೆ ತಾಗದಿರಲಿ

ಲಂಡನ್ನಿಗೆ ಹೊರಡುವ ಮುನ್ನ ಕೇಳಿದ್ದೀಯಲ್ಲ ತಮ್ಮಾ, ಅಲ್ಲಿ ಬೈಕ್ ಕೊಂಡರೆ ಕಳ್ಳರ ಕಾಟ ಎಷ್ಟು, ನಮ್ಮ ಹನುಮಂತನಗರದಲ್ಲಿ ನಿಲ್ಲಿಸುವಂತೆ ಮನೆ ಮುಂದೆ ನಿಲ್ಲಿಸಬಹುದೇ ಎಂದು. ಹದಿನಾಲ್ಕು ವರ್ಷ ಅಲ್ಲಿದ್ದವನ ಉತ್ತರ: ಧಾರಾಳವಾಗಿ ನಿಲ್ಲಿಸಬಹುದು. ಬೆಳಿಗ್ಗೆ ಅಲ್ಲೇ ಇರುತ್ತದೆ ಎಂದು ಮಾತ್ರ ಹೇಳಲಾರೆ.

ಇಲ್ಲಿಯ ಕಳ್ಳ ಹ್ಯಾಂಡಲ್ ಲಾಕಿಗೆ ಒಂದು ಒದೆ ಕೊಟ್ಟು, ವೈರ್ ಜೋಡಿಸಿ ಹೊರಟುಬಿಡುತ್ತಾನೆ. ಆದರೂ ಸ್ವಲ್ಪ ತಡವಾದರೆ ಯಾವುದೋ ಮಹಡಿಯಿಂದ ‘ಯಾರಪ್ಪಾ ಅದು?’ ಎಂಬ ದನಿ ಬರುತ್ತದೆ. ಆ ದನಿಯನ್ನು ನಂಬಿಕೊಂಡೇ ನಾನು ಅಲ್ಲಿಗೆ ಹೋದವನು. ಮೂರನೆಯ ಚಳಿಗಾಲದ ಒಂದು ಬೆಳಿಗ್ಗೆ ಹೊರಗೆ ಬಂದರೆ ಬೈಕಿನ ಹೊದಿಕೆಯಷ್ಟೇ ಫುಟ್‌ಪಾತಿನ ಮೇಲೆ ಮುದುಡಿ ಬಿದ್ದಿತ್ತು. ಪಕ್ಕದಲ್ಲಿ, ಚಕ್ರದ ಬ್ರೇಕ್ ತಟ್ಟೆಗೆ ಹಾಕುವ ಡಿಸ್ಕ್ ಲಾಕಿನ ಎರಡು ತುಂಡು. ಕೊಯ್ದ ಜಾಗ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಎದುರು ಮನೆಯವರಿಗೆ ರಾತ್ರಿ ಕಬ್ಬಿಣ ಕೊಯ್ಯುವ ಗ್ರೈಂಡರಿನ ಸದ್ದು ಕೇಳಿಸಿತ್ತಂತೆ. ರಸ್ತೆ ರಿಪೇರಿಯವರಿರಬೇಕು ಎಂದು ಕಿಟಕಿ ಮುಚ್ಚಿಕೊಂಡು ಮಲಗಿದರಂತೆ. ಕೆಟ್ಟವರಲ್ಲ, ಪಾಪ. ಇನ್ನೊಬ್ಬರ ವಿಷಯಕ್ಕೆ ತಲೆಹಾಕಬಾರದೆಂಬ ಸಂಸ್ಕಾರ.

ಬ್ಯಾಟರಿ ಗ್ರೈಂಡರಿನ ಮುಂದೆ ಯಾವ ಬೀಗವೂ ಕೊನೆಯವರೆಗೆ ನಿಲ್ಲುವುದಿಲ್ಲ. ಕಳ್ಳನ ಹೊತ್ತು ಹಾಳು ಮಾಡುವುದಕ್ಕಷ್ಟೇ ಬೀಗ. ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಅಲ್ಲಿ ಬೀಗಗಳನ್ನು ಪರೀಕ್ಷಿಸಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ಚಿನ್ನಕ್ಕಿಂತ ಕೆಳಗಿನದನ್ನು ಕೊಳ್ಳಬೇಡ. 16 ಮಿಲಿಮೀಟರ್ ದಪ್ಪದ ಒಂದೂವರೆ ಮೀಟರ್ ಸರಪಳಿ ಏಳೆಂಟು ಕಿಲೋ ತೂಗುತ್ತದೆ. ಹೊತ್ತು ತಿರುಗುವ ಆಸೆ ಬಿಡು, ಮನೆಯಲ್ಲೇ ಇರಲಿ. ಅದನ್ನು ಹಿಂದಿನ ಚಕ್ರ ಮತ್ತು ಫ್ರೇಮಿನ ನಡುವೆ ಹಾಯಿಸಬೇಕು. ಮುಂದಿನ ಚಕ್ರಕ್ಕೆ ಬಿಗಿದರೆ ಚಕ್ರವನ್ನು ನಿನಗೆ ಬಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಸರಪಳಿ ನೆಲಕ್ಕೆ ತಾಗದಿರಲಿ, ತಾಗಿದರೆ ಸುತ್ತಿಗೆ ಏಟಿಗೆ ನೆಲವೇ ಕಮ್ಮಾರನ ಅಡಿಗಲ್ಲಾಗುತ್ತದೆ. ಇನ್ನೊಂದು ತುದಿ ಕಾಂಕ್ರೀಟಿನಲ್ಲಿ ಕೂರಿಸಿದ ಉಕ್ಕಿನ ಕೊಂಡಿಗೆ ಸೇರಬೇಕು. ಗ್ರೌಂಡ್ ಆಂಕರ್ ಎನ್ನುತ್ತಾರೆ. ಕೊಂಡಿಯಿಲ್ಲದೆ ಬೈಕನ್ನು ಬೈಕಿಗೇ ಕಟ್ಟಿಟ್ಟರೆ ಇಬ್ಬರು ಎತ್ತಿ ವ್ಯಾನಿಗೆ ಹಾಕುತ್ತಾರೆ, ಅಷ್ಟೇ. ಬಾಡಿಗೆ ಮನೆಯಾದರೆ ಡ್ರಿಲ್ ಹಿಡಿಯುವ ಮೊದಲು ಮಾಲೀಕರನ್ನು ಕೇಳು.

ಡಿಸ್ಕ್ ಲಾಕೂ ಇರಲಿ, ಅದನ್ನು ತೆಗೆಯಲು ಮರೆಯದಂತೆ ಅದರಿಂದ ಹ್ಯಾಂಡಲಿಗೆ ನೆನಪಿನ ಸುರುಳಿ ತಂತಿಯನ್ನೂ ಸಿಕ್ಕಿಸಿಕೋ. ನಾನು ಅದಿಲ್ಲದೆ ಗಾಡಿ ಎಳೆದು, ಬಸ್ ಸ್ಟಾಪಿನಲ್ಲಿದ್ದವರೆಲ್ಲರ ಎದುರು ಬಿದ್ದಿದ್ದೇನೆ.

ವಿಮೆಯಲ್ಲಿ ಅಲ್ಲಿ ಬರೀ ಥರ್ಡ್ ಪಾರ್ಟಿಗೂ ಪೂರ್ಣ ವಿಮೆಗೂ ಮಧ್ಯದ ದರ್ಜೆಯೊಂದಿದೆ: ಥರ್ಡ್ ಪಾರ್ಟಿಯ ಜೊತೆಗೆ ಬೆಂಕಿ, ಕಳ್ಳತನ. ಪಿನ್‌ಕೋಡ್ ನೋಡಿ ಪ್ರೀಮಿಯಂ ಹೇಳುತ್ತಾರೆ. ರಾತ್ರಿ ಬೀದಿಯಲ್ಲಿ ನಿಲ್ಲುವ ಬೈಕನ್ನು ಗ್ಯಾರೇಜಿನಲ್ಲಿದೆ ಎಂದು ಬರೆದು ಹಣ ಉಳಿಸಲು ಹೋಗಬೇಡ, ಕ್ಲೇಮ್ ಕೈತಪ್ಪಬಹುದು.

ಇನ್ನು ಅಪ್ಪನ ಬಳಿ ಬಿಟ್ಟುಹೋಗುವ ಬೈಕ್. ಇಲ್ಲಿ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳವಿಗೆ ಬಿಡಿಗಾಸೂ ಬರುವುದಿಲ್ಲ. ಪೂರ್ಣ ವಿಮೆ ಮಾಡಿಸು. ಕಳುವಾದರೆ ಅಪ್ಪ ಅಂದೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಲಿ. ಕದ್ದ ಬೈಕಿನಲ್ಲಿ ಯಾರೋ ಸರಗಳ್ಳತನಕ್ಕೆ ಇಳಿದರೆ ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಮಾರುವುದಾದರೆ ಹೊರಡುವ ಮುನ್ನ ಹೆಸರು ವರ್ಗಾಯಿಸಿಬಿಡು. ಓಡಿಸಿ ನೋಡುತ್ತೇನೆ ಎಂದವನ ಕೈಗೆ ಕೀಲಿ ಕೊಡುವ ಮೊದಲು ಪೂರ್ತಿ ಹಣ ನಿನ್ನ ಕೈಯಲ್ಲಿರಲಿ.

ಕಳವಿನ ಕ್ಲೇಮಿಗೆ ವಿಮೆಯವರು ಎರಡೂ ಕೀಲಿ ಕೇಳುತ್ತಾರೆ, ಹುಡುಕಿಡು. ಒಂದು ಎಲ್ಲಿದೆ ಎಂದು ನಾನೇ ಹೇಳುತ್ತೇನೆ. ನಿನ್ನೆ ಸಂಜೆ ಅದನ್ನು ಬೈಕಿನಲ್ಲೇ ಬಿಟ್ಟು ಹಾಲು ತರಲು ಹೋಗಿದ್ದೆಯಲ್ಲ, ಎದುರು ಮನೆಯ ಅಜ್ಜಿ ತೆಗೆದಿಟ್ಟುಕೊಂಡಿದ್ದಾರೆ. ಬೈಗುಳ ಕೇಳಿಸಿಕೊಂಡು ಇಸಿದುಕೊಂಡು ಬಾ.