ಮಗನಿಗೋ, ನಿಮಗೋ?

12 ವರ್ಷದ ಮಗನಿಗೆ ನಿಂಟೆಂಡೊದ ಎನ್‌ಇಎಸ್ ಕ್ಲಾಸಿಕ್ (ಎಂಬತ್ತರ ದಶಕದ ಎನ್‌ಇಎಸ್ ಅನ್ನೋ ಟಿವಿ ವಿಡಿಯೋ ಗೇಮ್‌ನ ಪುಟ್ಟ ಮರುರೂಪ) ಕೊಡಿಸಿದರೆ ಇಷ್ಟಪಡುತ್ತಾನಾ ಅಂತ ಕೇಳಿದ್ದೀರಿ. ಒಂದು ವಾರ ಆಡಬಹುದು, ಆಮೇಲೆ ನೀವೇ ಆಡುತ್ತೀರಿ!

2016ರಲ್ಲಿ ಬಂದ ಆ ಪುಟ್ಟ ಪೆಟ್ಟಿಗೆ ಅಮೆರಿಕದಲ್ಲಿ ಎಂಬತ್ತರ ದಶಕದ ಮಕ್ಕಳ ನೆನಪನ್ನು ಕೆಣಕಿತು. ನಮ್ಮ ನೆನಪೇ ಬೇರೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಜಾಸ್ತಿ ಜನ ಆಡಿದ್ದು ಅಸಲಿ ನಿಂಟೆಂಡೊ ಅಲ್ಲ, ಅದರ ನಕಲು. '9999 ಇನ್ 1' ಅಂತ ಬರೆದ ಗೇಮ್ ಕ್ಯಾಸೆಟ್, ಒಳಗೆ ಅದೇ ನಾಲ್ಕಾರು ಆಟ. ಟಿವಿಯಲ್ಲಿ ಬರದಿದ್ದರೆ ಕ್ಯಾಸೆಟ್ ತೆಗೆದು ಊದುವುದು, ಅಲ್ವಾ?

ನಿಮಗೆ ಬೇಕಿರುವುದು ಆಗಿನ ಗುಂಡು ಹಾರಿಸುವ ಆಟ ಕಾಂಟ್ರಾ ಆದರೆ, ಎನ್‌ಇಎಸ್ ಕ್ಲಾಸಿಕ್‌ನ 30 ಆಟಗಳಲ್ಲಿ ಅದಿಲ್ಲ. ಅದರ ಮುಂದಿನ ಭಾಗ ಸೂಪರ್ ಸಿ ಇದೆ. ಮಾರಿಯೋ ಇದೆ, ಅದು ಮಗನಿಗೂ ಹಿಡಿಸಬಹುದು. ಆದರೆ ಕಂಟ್ರೋಲರ್ ಒಂದೇ ಬರುತ್ತದೆ. ಇನ್ನೊಂದನ್ನು ಬೇರೆಯಾಗಿ ಕೊಳ್ಳಬೇಕು, ವೈರೂ ಗಿಡ್ಡ.